ನೂರು ಅಂಕದ ಆಟಗಾರ, ಹನ್ನೊಂದು ಪ್ರಶಸ್ತಿಯ ಆಟಗಾರ

1962ರ ಮಾರ್ಚ್ 2ರ ರಾತ್ರಿ ಅಮೆರಿಕದ ಪೆನ್ಸಿಲ್ವೇನಿಯ ರಾಜ್ಯದ ಹರ್ಷಿ ಎಂಬ ಪಟ್ಟಣದಲ್ಲಿ ಒಂದು ಬಾಸ್ಕೆಟ್‌ಬಾಲ್ ಪಂದ್ಯ ನಡೆಯಿತು. ಚಾಕೊಲೇಟ್ ಕಾರ್ಖಾನೆಯಿಂದ ಹೆಸರಾದ ಊರು ಅದು. ಪಂದ್ಯ ನೋಡಲು ಬಂದವರು 4,124 ಮಂದಿ. ಟಿವಿಯಲ್ಲಿ ಪ್ರಸಾರವೂ ಇರಲಿಲ್ಲ. ಆ ರಾತ್ರಿ ಫಿಲಡೆಲ್ಫಿಯ ವಾರಿಯರ್ಸ್ ತಂಡದ ವಿಲ್ಟ್ ಚೇಂಬರ್ಲೇನ್ ಎಂಬ 7 ಅಡಿ 1 ಅಂಗುಲ ಎತ್ತರದ ಕಪ್ಪು ಯುವಕ, ನ್ಯೂಯಾರ್ಕ್ ನಿಕ್ಸ್ ವಿರುದ್ಧ ಒಬ್ಬರೇ 100 ಅಂಕ ಗಳಿಸಿದರು.

ಪಂದ್ಯದ ಕೊನೆಯ ಭಾಗ ವಿಚಿತ್ರವಾಗಿತ್ತು. ವಾರಿಯರ್ಸ್ ಗೆಲ್ಲುವುದು ಖಚಿತವಾಗಿತ್ತು. ಆದರೂ ವಿಲ್ಟ್‌ಗೆ ಮತ್ತೆ ಚೆಂಡು ಸಿಗಲೆಂದು ಅವರ ಜತೆಗಾರರು ಬೇಕೆಂದೇ ಎದುರಾಳಿಗಳ ಮೇಲೆ ಫೌಲ್ ಮಾಡತೊಡಗಿದರು. ವಿಲ್ಟ್ ಕೈಗೆ ಚೆಂಡು ಹೋಗದಿರಲೆಂದು ನಿಕ್ಸ್‌ನವರು ಉಳಿದ ನಾಲ್ವರ ಮೇಲೆ ಫೌಲ್ ಮಾಡಿದರು. ಪಂದ್ಯ 169-147ರಲ್ಲಿ ಮುಗಿಯಿತು. ಈ ಅಂಕಪಟ್ಟಿ ಇಂದು ಎಷ್ಟು ಜನರಿಗೆ ನೆನಪಿದೆ? ನೂರು ಮಾತ್ರ ಎಲ್ಲರಿಗೂ ನೆನಪಿದೆ! ಅಂದು ಅದೇ ವಾರಿಯರ್ಸ್ ತಂಡದ ಆಲ್ ಆಟಲ್ಸ್ ಎಂಬ ಆಟಗಾರ ಎಸೆದ ಎಂಟು ಚೆಂಡುಗಳಲ್ಲಿ ಎಂಟೂ ಬುಟ್ಟಿಗೆ ಬಿದ್ದಿದ್ದವು. ಬದುಕಿನಲ್ಲಿ ಒಮ್ಮೆ ಬರುವಂತಹ ಆಟ, ಅದೂ ಆ ರಾತ್ರಿಯೇ ಬರಬೇಕೇ?

ಕ್ರಿಕೆಟ್ ಓದಿ ಬೆಳೆದ ನಮಗೆ ಇದು ಹೊಸತಲ್ಲ. ನಮ್ಮ ತಂಡ ಸೋತ ಮರುದಿನವೂ ಪತ್ರಿಕೆಯಲ್ಲಿ ನಾವು ಹುಡುಕುವುದು ಶತಕ ಯಾರದ್ದು ಎಂಬುದನ್ನು. ಆದರೆ ವಿಲ್ಟ್ ಅವರ ಕಥೆಯಲ್ಲಿ ಈ ಹಳೆಯ ಪ್ರಶ್ನೆಗೆ ಒಂದು ತೀಕ್ಷ್ಣತೆ ಇದೆ. ಏಕೆಂದರೆ ಅವರ ಎದುರಿಗೆ ಬಿಲ್ ರಸೆಲ್ ಇದ್ದರು.

1961-62ರ ಆ ಋತುವಿನಲ್ಲಿ ವಿಲ್ಟ್ ಪ್ರತಿ ಪಂದ್ಯಕ್ಕೆ ಸರಾಸರಿ 50.4 ಅಂಕ ಗಳಿಸಿದರು. ಪಂದ್ಯವೇ 48 ನಿಮಿಷದ್ದು. ಅವರು ಆಡಿದ್ದು ಸರಾಸರಿ 48.5 ನಿಮಿಷ! ಹೆಚ್ಚುವರಿ ಅವಧಿ ಸೇರಿದ್ದರಿಂದ ಹೀಗಾಯಿತು. ಅಂದರೆ ಅವರು ಕುಳಿತು ದಣಿವಾರಿಸಿದ್ದೇ ಇಲ್ಲವೆನ್ನಬೇಕು. ಆದರೆ ವೃತ್ತಿಪರ ಬಾಸ್ಕೆಟ್‌ಬಾಲ್ ಒಕ್ಕೂಟವಾದ ಎನ್‌ಬಿಎಯ ಅತ್ಯಮೂಲ್ಯ ಆಟಗಾರ ಪ್ರಶಸ್ತಿ ಆ ವರ್ಷ ಸಂದದ್ದು ರಸೆಲ್‌ಗೆ. ರಸೆಲ್ ಸರಾಸರಿ 18.9. ಆಗ ಮತ ಹಾಕುತ್ತಿದ್ದವರು ಪತ್ರಕರ್ತರಲ್ಲ, ಆಟಗಾರರು. ಇಬ್ಬರ ಎದುರೂ ಬೆವರು ಸುರಿಸಿದವರು ರಸೆಲ್‌ರನ್ನು ಆರಿಸಿದರು.

ರಸೆಲ್ ಏನು ಮಾಡುತ್ತಿದ್ದರು? ಎದುರಾಳಿ ಬುಟ್ಟಿಗೆ ಎಸೆದ ಚೆಂಡನ್ನು ಗಾಳಿಯಲ್ಲೇ ತಡೆಯುತ್ತಿದ್ದರು. ಇದನ್ನು ಇತರರೂ ಮಾಡುತ್ತಿದ್ದರು. ಆದರೆ ಅನೇಕರು ಚೆಂಡನ್ನು ರಭಸದಿಂದ ಹೊಡೆದು ಪ್ರೇಕ್ಷಕರ ನಡುವೆ ಕಳಿಸುತ್ತಿದ್ದರು. ಗ್ಯಾಲರಿ ಚಪ್ಪಾಳೆ ತಟ್ಟುತ್ತಿತ್ತು, ಚೆಂಡು ಮಾತ್ರ ಎದುರಾಳಿಗೇ ಮರಳುತ್ತಿತ್ತು. ರಸೆಲ್ ಚೆಂಡನ್ನು ಮೆತ್ತಗೆ ತಟ್ಟಿ ಅಂಗಳದೊಳಗೇ ಉಳಿಸಿ ತಮ್ಮ ಜತೆಗಾರನ ಕೈಗೆ ಸೇರಿಸುತ್ತಿದ್ದರು. ಅಲ್ಲಿಂದ ಬಾಸ್ಟನ್ ಸೆಲ್ಟಿಕ್ಸ್‌ನವರ ಓಟ ಆರಂಭವಾಗುತ್ತಿತ್ತು. ಹೀಗೆ ಎಷ್ಟು ಚೆಂಡುಗಳನ್ನು ತಡೆದರು? ಲೆಕ್ಕವೇ ಇಲ್ಲ. ಎನ್‌ಬಿಎ ಇದನ್ನು ಅಧಿಕೃತವಾಗಿ ದಾಖಲಿಸಲು ಆರಂಭಿಸಿದ್ದು 1973-74ರಲ್ಲಿ. ರಸೆಲ್ ನಿವೃತ್ತರಾದದ್ದು 1969ರಲ್ಲಿ. ಅವರ ಜೀವಮಾನದ ಮುಖ್ಯ ಕೆಲಸ ಯಾವ ಪುಸ್ತಕದಲ್ಲೂ ಅಂಕಿಯಾಗಿ ಉಳಿದಿಲ್ಲ. ಉಳಿದಿರುವುದು ತಂಡದ ಲೆಕ್ಕ: 13 ಋತುಗಳಲ್ಲಿ 11 ಪ್ರಶಸ್ತಿ, ಅದರಲ್ಲೂ 1959ರಿಂದ 1966ರವರೆಗೆ ಸತತ ಎಂಟು.

ವಿಲ್ಟ್ ಅವರ ಅಂಕಿಗಳಾದರೋ ಬೆಟ್ಟದಷ್ಟಿವೆ. ಬುಟ್ಟಿಗೆ ಬೀಳದೆ ಪುಟಿದ ಚೆಂಡನ್ನು ಹಿಡಿಯುವುದಕ್ಕೆ ರಿಬೌಂಡ್ ಎನ್ನುತ್ತಾರೆ. 1960ರ ನವೆಂಬರ್ 24ರಂದು ಅವರು ರಸೆಲ್ ಎದುರಿಗೇ ಒಂದು ಪಂದ್ಯದಲ್ಲಿ 55 ರಿಬೌಂಡ್ ಹಿಡಿದರು. ಅದು ಇಂದಿಗೂ ದಾಖಲೆ. ಪಂದ್ಯ ಗೆದ್ದದ್ದು ಬಾಸ್ಟನ್. 1962ರಲ್ಲಿ ವಾರಿಯರ್ಸ್ ತಂಡ ಸ್ಯಾನ್‌ಫ್ರಾನ್ಸಿಸ್ಕೊಗೆ ಸ್ಥಳಾಂತರವಾಯಿತು. ಆ ವರ್ಷ ವಿಲ್ಟ್ ಸರಾಸರಿ 44.8 ಅಂಕ. ತಂಡ 31 ಪಂದ್ಯ ಗೆದ್ದು 49 ಸೋತು ಮುಂದಿನ ಸುತ್ತಿಗೇ ಹೋಗಲಿಲ್ಲ.

ಇಷ್ಟಕ್ಕೇ ನಿಲ್ಲಿಸಿದರೆ ಕಥೆ ಸುಲಭ. ಒಬ್ಬ ಸ್ವಾರ್ಥಿ, ಒಬ್ಬ ತ್ಯಾಗಿ. ಅಮೆರಿಕದ ಕ್ರೀಡಾ ಬರಹಗಾರರಲ್ಲಿ ಬಹಳಷ್ಟು ಮಂದಿ ಹೀಗೆಯೇ ಬರೆದರು. ನಮಗೆ ಇದು ಅರ್ಧ ಸತ್ಯವೆನಿಸುತ್ತದೆ.

ಪ್ರಶಸ್ತಿಗೆ ದಾರಿ ಮಾಡುವ ನಿರ್ಣಾಯಕ ಸರಣಿಗಳಲ್ಲಿ ಇಬ್ಬರೂ ಎಂಟು ಬಾರಿ ಎದುರಾದರು. ಏಳರಲ್ಲಿ ರಸೆಲ್ ತಂಡ ಗೆದ್ದಿತು. ಅದರಲ್ಲಿ ನಾಲ್ಕು ಸರಣಿಗಳು ಕೊನೆಯ ಏಳನೇ ಪಂದ್ಯದವರೆಗೆ ಹೋದವು. 1962ರಲ್ಲಿ 109-107, 1965ರಲ್ಲಿ 110-109, 1968ರಲ್ಲಿ 100-96, 1969ರಲ್ಲಿ 108-106. ನಾಲ್ಕೂ ಸೇರಿ ಅಂತರ 9 ಅಂಕ. 1962ರದ್ದನ್ನು ನಿರ್ಧರಿಸಿದ್ದು ಕೊನೆಯ ಕ್ಷಣದಲ್ಲಿ ಸ್ಯಾಮ್ ಜೋನ್ಸ್ ಎಸೆದ ಚೆಂಡು. 1965ರಲ್ಲಿ ಜಾನ್ ಹ್ಯಾವ್ಲಿಚೆಕ್ ಎದುರಾಳಿಯ ಪಾಸ್ ಕಸಿದರು. ಇವರಿಬ್ಬರೂ ರಸೆಲ್‌ರ ಜತೆಗಾರರು. ಇಂತಹ ಜತೆಗಾರರು ವಿಲ್ಟ್‌ಗೂ ಇದ್ದಿದ್ದರೆ? ಒಬ್ಬ ಮನುಷ್ಯನ ಗುಣವನ್ನೇ ಈ ಒಂಬತ್ತು ಅಂಕಗಳ ಮೇಲೆ ತೀರ್ಮಾನಿಸಿಬಿಟ್ಟಿದ್ದಾರೆ.

ವಿಲ್ಟ್ ಬದಲಾಗಲು ಸಿದ್ಧರಿರಲಿಲ್ಲ ಎಂಬುದೂ ಸುಳ್ಳು. 1965ರ ಜನವರಿಯಲ್ಲಿ ಅವರನ್ನು ಮೂವರು ಆಟಗಾರರು ಮತ್ತು ಒಂದೂವರೆ ಲಕ್ಷ ಡಾಲರ್‌ಗೆ ಬದಲಾಗಿ ಫಿಲಡೆಲ್ಫಿಯದ ಸೆವೆಂಟಿ ಸಿಕ್ಸರ್ಸ್ ತಂಡಕ್ಕೆ ಕೊಡಲಾಯಿತು. ಅಲ್ಲಿ ತರಬೇತುದಾರ ಅಲೆಕ್ಸ್ ಹ್ಯಾನಮ್ 1966-67ರಲ್ಲಿ, ಎಸೆಯುವುದನ್ನು ಕಡಿಮೆ ಮಾಡಿ ಚೆಂಡನ್ನು ಹಂಚುವಂತೆ ಕೇಳಿದರು. ವಿಲ್ಟ್ ಒಪ್ಪಿದರು. ಸರಾಸರಿ 24.1ಕ್ಕೆ ಇಳಿಯಿತು. ತಂಡ 68 ಗೆದ್ದು 13 ಮಾತ್ರ ಸೋತಿತು, ಬಾಸ್ಟನ್‌ನ ಎಂಟು ವರ್ಷದ ಸರಪಳಿ ಕಡಿಯಿತು, ಪ್ರಶಸ್ತಿ ಬಂತು. ಮರುವರ್ಷ ವಿಲ್ಟ್ ಇನ್ನೊಂದು ಸಾಹಸಕ್ಕೆ ಇಳಿದರು. ಜತೆಗಾರರಿಗೆ ಚೆಂಡು ಒದಗಿಸುವುದರಲ್ಲೂ ಇಡೀ ಎನ್‌ಬಿಎಗೆ ಮೊದಲಿಗರಾದರು! ಇಲ್ಲಿ ನಮಗೆ ನಗು ಬರುತ್ತದೆ, ಕನಿಕರವೂ ಆಗುತ್ತದೆ. ಹಂಚುವುದನ್ನೂ ಅವರು ದಾಖಲೆಯಾಗಿಸಿಕೊಂಡರು. ಆ ವರ್ಷ ಬಾಸ್ಟನ್ ವಿರುದ್ಧದ ಏಳನೇ ಪಂದ್ಯದ ದ್ವಿತೀಯಾರ್ಧದಲ್ಲಿ ಅವರು ಬುಟ್ಟಿಗೆ ಎಸೆದದ್ದು ಎರಡೇ ಬಾರಿ. ತಂಡ ಸೋತಿತು. ಈ ಬಾರಿ ಬಂದ ದೂರು, ಎಸೆಯಲಿಲ್ಲವೇಕೆ ಎಂಬುದು.

ಯಾರು ಯಾವ ತಂಡದಲ್ಲಿ ಆಡಬೇಕೆಂದು ತೀರ್ಮಾನಿಸುತ್ತಿದ್ದವರು ಯಾರು? ಆಟಗಾರನಂತೂ ಅಲ್ಲ. ಅಂದಿನ ಒಪ್ಪಂದದ ಪ್ರಕಾರ ಅವಧಿ ಮುಗಿದ ಮೇಲೂ ಆಟಗಾರನ ಮೇಲಿನ ಹಕ್ಕು ತಂಡದ ಮಾಲೀಕನದ್ದೇ. ರಸೆಲ್ ಕೂಡ ಬಾಸ್ಟನ್‌ನ್ನು ಆರಿಸಿಕೊಂಡವರಲ್ಲ. 1956ರಲ್ಲಿ ಸೇಂಟ್ ಲೂಯಿಸ್ ತಂಡಕ್ಕೆ ಎಡ್ ಮಕಾಲಿ ಮತ್ತು ಕ್ಲಿಫ್ ಹೇಗನ್‌ರನ್ನು ಕೊಟ್ಟು ತರಬೇತುದಾರ ರೆಡ್ ಆರ್‌ಬಾಕ್ ಅವರನ್ನು ತರಿಸಿಕೊಂಡರು. ಅಲ್ಲಿ ಬಾಬ್ ಕೂಸಿಯಂತಹವರು ಆಗಲೇ ಇದ್ದರು. ಆರ್‌ಬಾಕ್‌ಗೆ ಬೇಕಿದ್ದದ್ದು ರಿಬೌಂಡ್ ಮತ್ತು ರಕ್ಷಣೆ. ಅಂಕದ ಚಿಂತೆ ಬೇಡವೆಂದು ಅವರು ರಸೆಲ್‌ಗೆ ಮೊದಲೇ ಹೇಳಿದ್ದರು. ವಿಲ್ಟ್‌ಗೆ ಸಿಕ್ಕ ಅಪ್ಪಣೆ ಬೇರೆ. ಚೆಂಡೆಲ್ಲ ನಿನಗೆ ಬರುತ್ತದೆ, ನೀನೇ ಎಸೆ ಎಂಬುದು 1961-62ರ ತರಬೇತುದಾರ ಫ್ರಾಂಕ್ ಮೆಗ್ವಾಯರ್ ಅವರದೇ ಯೋಜನೆ. ಟಿಕೆಟು ಮಾರಾಟವಾಗುತ್ತಿದ್ದದ್ದೂ ವಿಲ್ಟ್ ಹೆಸರಿನಲ್ಲೇ.

ಆಸ್ಕರ್ ರಾಬರ್ಟ್‌ಸನ್‌ರ ಉದಾಹರಣೆಯೂ ಇದೆ. ಸಿನ್ಸಿನಾಟಿಯಲ್ಲಿ ಹತ್ತು ವರ್ಷ ಅದ್ಭುತವಾಗಿ ಆಡಿಯೂ ಅವರಿಗೆ ಪ್ರಶಸ್ತಿ ಸಿಗಲಿಲ್ಲ. 1970ರಲ್ಲಿ ಮಿಲ್ವಾಕೀ ಬಕ್ಸ್ ಸೇರಿದರು. 1971ರಲ್ಲೇ ಗೆದ್ದರು. ಅಲ್ಲಿ ಅವರ ಜತೆ ಆಡಿದವರು ಲೂ ಅಲ್ಸಿಂಡರ್. ಇಸ್ಲಾಂ ಸ್ವೀಕರಿಸಿದ್ದ ಈ ಯುವಕ ಆ ಗೆಲುವಿನ ಬೆನ್ನಿಗೇ ಕರೀಮ್ ಅಬ್ದುಲ್ ಜಬ್ಬಾರ್ ಎಂಬ ಹೆಸರನ್ನು ಬಹಿರಂಗವಾಗಿ ಧರಿಸಿದರು. ಒಂದು ವರ್ಷದಲ್ಲಿ ರಾಬರ್ಟ್‌ಸನ್‌ರ ಗುಣ ಬದಲಾಯಿತೇ? ಇಲ್ಲ. ಸಂಗಡಿಗರು ಬದಲಾದರು. ಇದೇ ರಾಬರ್ಟ್‌ಸನ್ ಆಟಗಾರರ ಸಂಘದ ಅಧ್ಯಕ್ಷರಾಗಿ 1970ರಲ್ಲಿ ಎನ್‌ಬಿಎ ವಿರುದ್ಧ ಮೊಕದ್ದಮೆ ಹೂಡಿದರು. 1976ರ ರಾಜಿಯಿಂದ, ಆಟಗಾರ ತನ್ನ ತಂಡವನ್ನು ತಾನೇ ಆರಿಸುವ ದಾರಿ ತೆರೆಯತೊಡಗಿತು. 2010ರಲ್ಲಿ ಲೆಬ್ರಾನ್ ಜೇಮ್ಸ್ ಕ್ಲೀವ್‌ಲ್ಯಾಂಡ್ ಬಿಟ್ಟು ಮಯಾಮಿಗೆ ಹೋದಾಗ ಅಭಿಮಾನಿಗಳು ಅವರ ಅಂಗಿ ಸುಟ್ಟರು. ಪ್ರಶಸ್ತಿ ಗೆಲ್ಲದವನನ್ನು ಹಂಗಿಸುವವರೂ ಇವರೇ, ಗೆಲ್ಲಲು ತಂಡ ಬದಲಿಸಿದವನನ್ನು ಬೈಯುವವರೂ ಇವರೇ.

ತಂಡಕ್ಕಾಗಿ ಆಡಿದ ರಸೆಲ್‌ಗೆ ಬಾಸ್ಟನ್ ನಗರ ಕೊಟ್ಟದ್ದಾದರೂ ಏನು? ಪ್ರಶಸ್ತಿಯ ಮೇಲೆ ಪ್ರಶಸ್ತಿ ಬರುತ್ತಿದ್ದ ಆ ದಿನಗಳಲ್ಲೂ ಕ್ರೀಡಾಂಗಣದ ಕುರ್ಚಿಗಳು ಖಾಲಿ ಉಳಿಯುತ್ತಿದ್ದವು. ರೆಡಿಂಗ್ ಎಂಬ ಊರಿನ ಅವರ ಮನೆಗೆ ನುಗ್ಗಿದವರು ಗೋಡೆಗಳ ಮೇಲೆ ಜನಾಂಗೀಯ ಬೈಗುಳ ಬರೆದು, ಪಾರಿತೋಷಕಗಳನ್ನು ಒಡೆದುಹೋದರು. 1961ರಲ್ಲಿ ಕೆಂಟಕಿಯ ಲೆಕ್ಸಿಂಗ್ಟನ್‌ನಲ್ಲಿ ಹೋಟೆಲಿನವರು ತಂಡದ ಕಪ್ಪು ಆಟಗಾರರಿಗೆ ಊಟ ಕೊಡಲು ನಿರಾಕರಿಸಿದರು. ರಸೆಲ್ ಮತ್ತು ಅವರ ಕಪ್ಪು ಜತೆಗಾರರು ಪಂದ್ಯ ಆಡದೆ ಊರು ಬಿಟ್ಟರು. ಗೆಲುವನ್ನೇ ಉಸಿರಾಡಿದ ಮನುಷ್ಯ ಅಂದು ಪಂದ್ಯವನ್ನೇ ಕೈಬಿಟ್ಟರು. 1967ರಲ್ಲಿ, ಯುದ್ಧಕ್ಕೆ ಹೋಗಲೊಲ್ಲೆನೆಂದ ಮುಹಮ್ಮದ್ ಅಲಿಯ ಬೆಂಬಲಕ್ಕೆ ಕ್ಲೀವ್‌ಲ್ಯಾಂಡ್‌ನಲ್ಲಿ ಕುಳಿತವರಲ್ಲಿ ಅವರೂ ಇದ್ದರು. ತಾರಾಪಟ್ಟದ ಬಗ್ಗೆ ಅವರು ನಿರ್ಲಿಪ್ತ ಸನ್ಯಾಸಿಯಾಗಿದ್ದರೆಂದು ಮಾತ್ರ ತಿಳಿಯಬೇಡಿ. 1965ರಲ್ಲಿ ವಿಲ್ಟ್ ವರ್ಷಕ್ಕೆ 1 ಲಕ್ಷ ಡಾಲರಿನ ಒಪ್ಪಂದಕ್ಕೆ ಸಹಿ ಹಾಕಿದರೆಂದು ತಿಳಿದಾಗ ರಸೆಲ್ ಕೇಳಿ ಪಡೆದದ್ದು 1,00,001 ಡಾಲರ್!

ಈ ಇಬ್ಬರೂ ಗೆಳೆಯರು. ಒಬ್ಬರ ಮನೆಯಲ್ಲಿ ಇನ್ನೊಬ್ಬರು ಊಟ ಮಾಡಿ, ಮರುದಿನ ಎದುರುಬದುರಾಗುತ್ತಿದ್ದರು. 1969ರ ಕೊನೆಯ ಪಂದ್ಯ ಆ ಗೆಳೆತನವನ್ನು ಮುರಿಯಿತು. ಆಗ ವಿಲ್ಟ್ ಲಾಸ್ ಏಂಜಲಿಸ್‌ನ ಲೇಕರ್ಸ್ ತಂಡದಲ್ಲಿದ್ದರು. ಗೆಲುವು ತಮ್ಮದೇ ಎಂದು ತಂಡದ ಮಾಲೀಕರು ಛಾವಣಿಗೆ ಬಲೂನುಗಳನ್ನು ಕಟ್ಟಿಸಿದ್ದರು. ಕೊನೆಯ ಹಂತದಲ್ಲಿ ವಿಲ್ಟ್ ಮೊಣಕಾಲು ನೋವಿನಿಂದ ಹೊರಗೆ ಬಂದರು. ಮತ್ತೆ ಒಳಗೆ ಹೋಗುತ್ತೇನೆಂದರೂ ತರಬೇತುದಾರ ಬಿಡಲಿಲ್ಲ. ತಂಡ ಎರಡು ಅಂಕದಿಂದ ಸೋತಿತು, ಬಲೂನುಗಳು ಛಾವಣಿಯಲ್ಲೇ ಉಳಿದವು. ರಸೆಲ್ ಹನ್ನೊಂದನೆಯ ಪ್ರಶಸ್ತಿಯೊಂದಿಗೆ ನಿವೃತ್ತರಾದರು. ಆಮೇಲೆ ಅವರು, ಅಂತಹ ಪಂದ್ಯದಲ್ಲಿ ಆ ನೋವಿಗೆ ಹೊರಗೆ ಕೂರಬಾರದಿತ್ತು ಎಂದು ಬಹಿರಂಗವಾಗಿ ಟೀಕಿಸಿದರು. ಎರಡು ದಶಕಗಳ ಕಾಲ ಮಾತು ನಿಂತಿತು. ಕೊನೆಗೆ ಕ್ಷಮೆ ಕೇಳಿದವರು ರಸೆಲ್. 1999ರ ಅಕ್ಟೋಬರ್‌ನಲ್ಲಿ ವಿಲ್ಟ್ ತೀರಿಕೊಂಡಾಗ ಸಂತಾಪ ಸಭೆಯಲ್ಲಿ ಅವರೂ ಮಾತನಾಡಿದರು. ರಸೆಲ್ ತೀರಿಕೊಂಡದ್ದು 2022ರ ಜುಲೈ 31ರಂದು.

ರಸೆಲ್‌ರ ಗೌರವಾರ್ಥ ಅವರ 6ನೇ ಸಂಖ್ಯೆಯ ಅಂಗಿಯನ್ನು ಇನ್ನು ಯಾರಿಗೂ ಕೊಡುವುದಿಲ್ಲವೆಂದು ಸೆಲ್ಟಿಕ್ಸ್ ತೀರ್ಮಾನಿಸಿತು. 1972ರ ಮಾರ್ಚ್‌ನಲ್ಲಿ ಸಮಾರಂಭ. ಪ್ರೇಕ್ಷಕರ ಮುಂದೆ ಬೇಡವೆಂದು ರಸೆಲ್ ಹಟ ಹಿಡಿದರು. ಗೇಟು ತೆರೆಯುವ ಮೊದಲು, ಖಾಲಿ ಕ್ರೀಡಾಂಗಣದಲ್ಲಿ, ಹಳೆಯ ಜತೆಗಾರರಷ್ಟೇ ನಿಂತು ನೋಡುತ್ತಿದ್ದಂತೆ ಆ ಸಂಖ್ಯೆಯನ್ನು ಮೇಲೇರಿಸಲಾಯಿತು.

ಎರಡು ತಿಂಗಳ ನಂತರ, ಮೇ 7ರಂದು, ಲೇಕರ್ಸ್ ಪ್ರಶಸ್ತಿ ಗೆದ್ದಿತು. ವಿಲ್ಟ್‌ಗೆ ಅದು ಎರಡನೆಯದು, ಕೊನೆಯದು. ತರಬೇತುದಾರ ಬಿಲ್ ಶಾರ್ಮನ್, ಒಂದು ಕಾಲದಲ್ಲಿ ಬಾಸ್ಟನ್‌ನಲ್ಲಿ ರಸೆಲ್ ಜತೆ ಆಡಿದವರು. ವಿಲ್ಟ್ ಆಗ ಹೆಚ್ಚಾಗಿ ಬುಟ್ಟಿ ಕಾಯುತ್ತಿದ್ದರು, ಪುಟಿದ ಚೆಂಡು ಹಿಡಿದು ಓಡುವವರಿಗೆ ಕೊಡುತ್ತಿದ್ದರು. ಆ ಋತುವಿನಲ್ಲಿ ಅವರ ಸರಾಸರಿ 14.8 ಅಂಕ. ರಸೆಲ್‌ರ ಜೀವಮಾನದ ಸರಾಸರಿ 15.1.