ಒಂದಾನೊಂದು ಕಾಲದಲ್ಲಿ (ಚಲನಚಿತ್ರ)

‘ಒಂದಾನೊಂದು ಕಾಲದಲ್ಲಿ’ ಗಿರೀಶ ಕಾರ್ನಾಡರು ನಿರ್ದೇಶಿಸಿ, 1978ರಲ್ಲಿ ತೆರೆಕಂಡ ಕನ್ನಡ ಚಲನಚಿತ್ರ. ಹೊಯ್ಸಳರ ಕಾಲದ ಹಿನ್ನೆಲೆಯುಳ್ಳ ಈ ಸಾಹಸಪ್ರಧಾನ ಚಿತ್ರದ ಮೂಲಕ ಶಂಕರ್ ನಾಗ್ ಕನ್ನಡ ಚಿತ್ರರಂಗವನ್ನು ಪ್ರವೇಶಿಸಿದರು. ನಿರ್ಮಾಪಕರು ಜಿ. ಎನ್. ಲಕ್ಷ್ಮೀಪತಿ, ಸಂಗೀತ ಭಾಸ್ಕರ್ ಚಂದಾವರ್ಕರ್ ಅವರದು. ಧಾರವಾಡದಲ್ಲಿ ಓದಿ ಬೆಳೆದ ಕಾರ್ನಾಡರು ಅದಕ್ಕೆ ಮೊದಲು ಬಿ. ವಿ. ಕಾರಂತರೊಡನೆ ‘ವಂಶವೃಕ್ಷ’ವನ್ನೂ (1971), ಅನಂತರ ಸ್ವತಂತ್ರವಾಗಿ ‘ಕಾಡು’ (1973) ಚಿತ್ರವನ್ನೂ ನಿರ್ದೇಶಿಸಿದ್ದರು. ಹೊಸ ಅಲೆಯ ನಿರ್ದೇಶಕರೆಂದು ಹೆಸರಾದವರು ಕತ್ತಿವರಸೆಯ ಚಿತ್ರವೊಂದಕ್ಕೆ ಕೈಹಾಕಿದುದು ಅಪರೂಪದ ಸಂಗತಿ.

ಕಥೆ

ಗಂಡುಗಲಿ (ಶಂಕರ್ ನಾಗ್) ಕೂಲಿಗಾಗಿ ಕಾದುವ ಯೋಧ. ಪರಸ್ಪರ ದ್ವೇಷಿಸುವ ಇಬ್ಬರು ಪಾಳೆಯಗಾರ ಸೋದರರಲ್ಲಿ ಒಬ್ಬನ ಬಳಿ ಅವನು ಕೆಲಸಕ್ಕೆ ಸೇರುತ್ತಾನೆ. ಎದುರು ಪಕ್ಷದಲ್ಲಿರುವವನು ಅವನ ಹಳೆಯ ವೈರಿ ಪೆರ್ಮಾಡಿ (ಸುಂದರ್ ಕೃಷ್ಣ ಅರಸ್). ಒಡೆಯರಿಂದ ವಂಚಿತರಾದ ಮೇಲೆ ಈ ವೈರಿಗಳೇ ಒಂದಾಗಿ ಸೋದರರ ವಿರುದ್ಧ ನಿಲ್ಲುತ್ತಾರೆ.

ವಿಮರ್ಶೆ

ಚಿತ್ರವು ಜಪಾನಿನ ಅಕಿರಾ ಕುರೊಸಾವಾ ಅವರ ಸಮುರಾಯ್ ಚಿತ್ರಗಳಿಗೆ ಸಲ್ಲಿಸಿದ ಗೌರವವೆಂಬುದನ್ನು ಕಾರ್ನಾಡರು ಮುಚ್ಚಿಟ್ಟವರಲ್ಲ. ಎರಡು ಬಣಗಳ ನಡುವೆ ಬರುವ ಕೂಲಿಯೋಧನ ಕಲ್ಪನೆಯಲ್ಲಿ ‘ಯೋಜಿಂಬೊ’ (1961) ನೆನಪಾಗುವುದು ಸಹಜ. ಆದರೆ ಇದನ್ನು ಅನುಕರಣೆಯೆಂದು ತಳ್ಳಿಹಾಕುವಂತಿಲ್ಲ. ಜಪಾನಿ ಚಿತ್ರದ ನಾಯಕ ಒಂಟಿ, ಎರಡೂ ಬಣಗಳನ್ನು ಆಡಿಸುವ ಚತುರ. ಇಲ್ಲಿ ಸಮಬಲರಾದ ಇಬ್ಬರಿದ್ದಾರೆ, ಇಬ್ಬರೂ ಒಡೆಯರಿಗೆ ದುಡಿಯುವವರು. ಉಂಡ ಅನ್ನದ ಋಣವನ್ನು ಹಳಗನ್ನಡ ‘ಜೋಳದ ಪಾಳಿ’ ಎಂದು ಕರೆದಿದೆ. ಎರಡನೆಯ ಬಲ್ಲಾಳನ ಮರಣದೊಡನೆ ಪ್ರಾಣ ತೆತ್ತ ಕುವರ ಲಕ್ಷ್ಮನ ಶಾಸನ ಹಳೇಬೀಡಿನಲ್ಲಿ ಇಂದಿಗೂ ಇದೆ. ಅಂತಹ ಸ್ವಾಮಿನಿಷ್ಠೆಯ ಕಾಲದಲ್ಲಿ ಕಥೆಯನ್ನಿರಿಸಿ, ಒಡೆಯನೇ ಮಾತಿಗೆ ತಪ್ಪಿದಾಗ ಆಳಿನ ಋಣ ಉಳಿಯುವುದೇ ಎಂದು ಚಿತ್ರ ಕೇಳುತ್ತದೆ. ಅರಮನೆಯ ವೈಭವ, ಸಾಗರದಂಥ ಸೇನೆ ಇಲ್ಲಿಲ್ಲ. ಹೀಗಾಗಿ ಹೊಡೆದಾಟದ ದೃಶ್ಯಗಳಲ್ಲಿ ನೋಡುಗರ ಗಮನ ಯೋಧರ ಮೈಕಸುವಿನ ಮೇಲೆಯೇ ನಿಲ್ಲುತ್ತದೆ.

ಪ್ರಶಸ್ತಿಗಳು

26ನೆಯ ರಾಷ್ಟ್ರೀಯ ಚಲನಚಿತ್ರ ಪ್ರಶಸ್ತಿಗಳಲ್ಲಿ ಇದು ಅತ್ಯುತ್ತಮ ಕನ್ನಡ ಚಿತ್ರವೆನಿಸಿತು. 1979ರ ಭಾರತದ ಅಂತರರಾಷ್ಟ್ರೀಯ ಚಲನಚಿತ್ರೋತ್ಸವದಲ್ಲಿ ಶಂಕರ್ ನಾಗ್ ಅತ್ಯುತ್ತಮ ನಟರಾಗಿ ರಜತ ಮಯೂರ ಪಡೆದರು. ಮುಂದೆ ಅಭಿಮಾನಿಗಳು ಅವರನ್ನು ‘ಕರಾಟೆ ಕಿಂಗ್’ ಎಂದು ಕರೆದರು. ಮೊದಲ ಚಿತ್ರದಲ್ಲಿ ಅವರ ಕೈಯಲ್ಲಿದ್ದುದು ಕತ್ತಿ.