ಕುದುರೆಯ ಬಲ, ಪಾಟ್ಲಿಯ ತೂಕ

ಕಾರ ಹುಣ್ಣಿಮೆಗೆ ನಮ್ಮ ಕಡೆ ಎತ್ತುಗಳಿಗೆ ಬಣ್ಣ ಬಳಿದು ಕರಿ ಹರಿಯುತ್ತಾರೆ. ರಾಯಚೂರಿನಲ್ಲಂತೂ ಟನ್ನುಗಟ್ಟಲೆ ತೂಗುವ ಕಲ್ಲನ್ನೇ ಎಳೆಸುತ್ತಾರೆ. ಯಾವ ಜೋಡಿ ಗೆದ್ದೀತೆಂದು ಕಟ್ಟೆಯ ಮೇಲಿನ ಹಿರಿಯರು ಮೈಕಟ್ಟು ನೋಡಿಯೇ ಹೇಳಿಬಿಡುತ್ತಾರೆ.

ಈ ಬಲವನ್ನು ಅಂಕಿಗೆ ಇಳಿಸಿದವನು ಜೇಮ್ಸ್ ವಾಟ್. 1780ರ ದಶಕದಲ್ಲಿ ಉಗಿಯಂತ್ರ ಮಾರಲು ಹೊರಟವನು, ಅದು ಎಷ್ಟು ಕುದುರೆಗೆ ಸಮವೆಂದು ಗಿರಾಕಿಗಳಿಗೆ ತಿಳಿಸಬೇಕಿತ್ತು. ಸುಮಾರು 76 ಕಿಲೋ ಭಾರವನ್ನು ಸೆಕೆಂಡಿಗೆ ಒಂದು ಮೀಟರ್ ಎತ್ತಿದರೆ ಒಂದು ಕುದುರೆಬಲ ಎಂದ. ದಿನವಿಡೀ ದುಡಿಯುವ ಬಡಕುದುರೆಗೆ ಇದು ಹೆಚ್ಚೇ ಆಯಿತು!

ಅಮೆರಿಕದವರು ಈ ಅಂಕಿಯನ್ನು ಓಟಕ್ಕೂ ತಂದರು. ನಿಂತ ಕಾರು ಕಾಲು ಮೈಲಿ, ಅಂದರೆ 402 ಮೀಟರ್ ದೂರವನ್ನು ಎಷ್ಟು ಸೆಕೆಂಡಿನಲ್ಲಿ ಮುಟ್ಟುತ್ತದೆ ಎಂಬುದೇ ಅಲ್ಲಿಯ ಡ್ರ್ಯಾಗ್ ರೇಸ್. ವೇಗವು ಬಲ ಮತ್ತು ತೂಕದ ಅನುಪಾತದ ಘನಮೂಲವನ್ನು ಹಿಂಬಾಲಿಸುತ್ತದೆಂದು ರೋಜರ್ ಹಂಟಿಂಗ್‌ಟನ್ ಎಂಬ ಮೋಟಾರು ಲೇಖಕ ಅನುಭವದಿಂದ ಕಂಡುಕೊಂಡ. 1973ರಲ್ಲಿ ಜೆಫ್ರಿ ಫಾಕ್ಸ್ ಅದಕ್ಕೆ ಭೌತಶಾಸ್ತ್ರದ ಕಾರಣ ಕೊಟ್ಟ.

ಇದೆಲ್ಲ ಹಿಟ್ನಾಳದ ಮೇಷ್ಟರಮ್ಮನಿಗೇಕೆ ಎನ್ನುವಿರಾ? ಹೆದ್ದಾರಿ ಅಗಲವಾದ ಮೇಲೆ ರಾತ್ರಿ ಪಣ ಕಟ್ಟಿ ಗಾಡಿ ಓಡಿಸುವ ಹುಡುಗರು ಇಲ್ಲಿಯೂ ಹುಟ್ಟಿಕೊಂಡಿದ್ದಾರೆ. ಅಂಥವನೊಬ್ಬನ ತಾಯಿ ಮನೆಗೆ ಬಂದಳು. "ಅಕ್ಕೋರ, ನನ್ನ ಪಾಟ್ಲಿ ಒತ್ತಿ ಇಟ್ಟು ಎಂಜಿನ್ ಜೋರ ಮಾಡಸ್ತಾನಂತ. ಬಲ ಎರಡು ಪಟ್ಟಾದ್ರ ಅರ್ಧ ಹೊತ್ತಿನ್ಯಾಗ ಮುಟ್ತೈತಂತ. ಖರೇ ಏನ್ರಿ?"

ಕಾಗದ ತೆಗೆದೆ. ಅವನದು ಹಳೆಯ ಮಾರುತಿ 800. ಸುಮಾರು 650 ಕಿಲೋ. ಅವನನ್ನೂ ಪೆಟ್ರೋಲನ್ನೂ ಸೇರಿಸಿ 720 ಎನ್ನೋಣ. ಬಲ 37 ಕುದುರೆ. ತೂಕವನ್ನು ಬಲದಿಂದ ಭಾಗಿಸಿದರೆ ಹತ್ತೊಂಬತ್ತೂವರೆ. ಅದರ ಘನಮೂಲ 2.7. ಅದನ್ನು 7.6ರಿಂದ ಗುಣಿಸಿದರೆ ಇಪ್ಪತ್ತೂವರೆ ಸೆಕೆಂಡು. (ಗೇರು, ಟೈರು, ಗಾಳಿ ಇವುಗಳಿಂದ ತುಸು ಹೆಚ್ಚುಕಡಿಮೆ ಆದೀತು.) ಬಲವನ್ನು 74 ಮಾಡಿದರೂ ಹದಿನಾರು ಸೆಕೆಂಡಿನ ಮೇಲೆಯೇ! ವೇಗ ಏರಿದಂತೆ ಅದೇ ಬಲದಿಂದ ಸಿಗುವ ನೂಕು ಕಡಿಮೆಯಾಗುತ್ತದೆ. ಹೊತ್ತು ಅರ್ಧವಾಗಬೇಕಾದರೆ ಬಲ ಎಂಟು ಪಟ್ಟಾಗಬೇಕು.

ಮತ್ತೊಂದು ಮಾತನ್ನೂ ಹೇಳಿದೆ. ಇದು ಓಡುವ ಲೆಕ್ಕ ಮಾತ್ರ, ನಿಲ್ಲುವುದಲ್ಲ. ಎಂಜಿನ್ ಬದಲಾದರೂ ಬ್ರೇಕು ಹಳೆಯದೇ. ಎದುರಿಗೆ ಅದಿರಿನ ಲಾರಿ ಬಂದರೆ ಯಾವ ಘನಮೂಲವೂ ಕಾಯುವುದಿಲ್ಲ.

ಆಕೆ ಕಾಗದ ಮಡಚಿ ಸೆರಗಿನಲ್ಲಿ ಕಟ್ಟಿಕೊಂಡಳು. ಬಾಗಿಲಲ್ಲಿ ನಿಂತು ಕೈಯ ಪಾಟ್ಲಿ ಒಮ್ಮೆ ತಿರುವಿದಳು.

"ಎಂಟು ಪಟ್ಟಿಗೆ ನನ್ನ ಹತ್ರ ಅಷ್ಟು ಬಂಗಾರ ಎಲ್ಲೈತ್ರಿ ಅಕ್ಕೋರ? ಇದ್ದದ್ದು ಇಲ್ಲೇ ಇರಲಿ ಬಿಡ್ರಿ."