ಬೆಕ್ಕನ್ನು ಓಡಿಸುವ ಮುನ್ನ

ಹೋದ ವರ್ಷ ಗೆಳತಿಯೊಬ್ಬಳು ರಾತ್ರಿ ಹನ್ನೊಂದು ಗಂಟೆಗೆ ಫೋನ್ ಮಾಡಿದಳು. ಮೂರು ತಿಂಗಳ ಬಸುರಿ. ದನಿಯಲ್ಲಿ ಅಳು. "ಟಾರ್ಚ್ ಟೆಸ್ಟ್ ಪಾಸಿಟಿವ್ ಬಂದಿದೆ ಕಣೇ. ಟಾಕ್ಸೋ ಅಂತೆ. ಬೆಕ್ಕಿನಿಂದ ಬರುತ್ತಂತೆ. ನಾಳೇನೇ ಮಿಂಚುನ ಎಲ್ಲಾದ್ರೂ ಬಿಟ್ಟು ಬಾ ಅಂತ ಅತ್ತೆ ಹೇಳ್ತಿದ್ದಾರೆ." ಮಿಂಚು ಅವಳ ಬೆಕ್ಕು. ಆರು ವರ್ಷದಿಂದ ಲ್ಯಾಪ್‌ಟಾಪ್ ಮೇಲೆ ಮಲಗಿ ಅವಳ ಮೀಟಿಂಗ್‌ಗಳನ್ನೆಲ್ಲ ಅಟೆಂಡ್ ಮಾಡಿದ ಪ್ರಾಣಿ.

ರಿಪೋರ್ಟಿನ ಫೋಟೋ ಕಳಿಸು ಅಂದೆ. ಟಾಕ್ಸೋಪ್ಲಾಸ್ಮಾ ಅನ್ನೋ ಹೆಸರಿನ ಮುಂದೆ ಎರಡು ಸಾಲುಗಳಿದ್ದವು: ಐಜಿಜಿ ಪಾಸಿಟಿವ್, ಐಜಿಎಂ ನೆಗೆಟಿವ್. ಈ ಎರಡು ಸಾಲನ್ನು ಸರಿಯಾಗಿ ಓದೋಕೆ ಬೇಕಾದ ತಿಳಿವಳಿಕೆ ಕೂಡಿಬರಲು ಅರವತ್ತು ವರ್ಷಕ್ಕೂ ಹೆಚ್ಚು ಹಿಡಿಯಿತು. ಆ ಕಥೆ ಗೊತ್ತಿದ್ದಿದ್ದರೆ ಅವಳು ಅವತ್ತು ನೆಮ್ಮದಿಯಾಗಿ ಮಲಗಬಹುದಿತ್ತು.

ಕಥೆ ಶುರುವಾಗೋದು 1908ರಲ್ಲಿ, ಉತ್ತರ ಆಫ್ರಿಕಾದ ಟ್ಯುನಿಸ್ ನಗರದಲ್ಲಿ. ಅಲ್ಲಿನ ಪಾಶ್ಚರ್ ಸಂಸ್ಥೆಯಲ್ಲಿ ಚಾರ್ಲ್ಸ್ ನಿಕೋಲ್ ಮತ್ತು ಲೂಯಿ ಮಾನ್ಸೋ ಎಂಬ ಇಬ್ಬರು ಗುಂಡಿ ಎಂಬ ಪ್ರಾಣಿಯನ್ನು ಪರೀಕ್ಷಿಸುತ್ತಿದ್ದರು. ನಮ್ಮ ಬೆಂಗಳೂರಿನ ರಸ್ತೆ ಗುಂಡಿ ಅಲ್ಲ! ಇಲಿಯ ಕಡೆಯ ನೆಂಟ, ಬಂಡೆಗಳ ನಡುವೆ ವಾಸಿಸೋ ಒಂದು ದಂಶಕ. ಅದರ ದೇಹದಲ್ಲಿ ಬಿಲ್ಲಿನಂತೆ ಬಾಗಿದ ಏಕಕೋಶ ಜೀವಿಯೊಂದು ಸಿಕ್ಕಿತು. ಗ್ರೀಕ್ ಭಾಷೆಯಲ್ಲಿ ಬಿಲ್ಲಿಗೆ 'ಟಾಕ್ಸೋನ್' ಅಂತಾರೆ. ಹಾಗಾಗಿ ಅದಕ್ಕೆ ಟಾಕ್ಸೋಪ್ಲಾಸ್ಮಾ ಗೊಂಡಿಯೈ ಅಂತ ಹೆಸರಿಟ್ಟರು. ಗುಂಡಿಯ ಹೆಸರೇ ಹೀಗೆ ಗೊಂಡಿ ಆಗಿ ಉಳಿದುಬಿಟ್ಟಿತು. ಅದೇ ವರ್ಷ ಬ್ರೆಜಿಲ್‌ನಲ್ಲಿ ಅಲ್ಫೋನ್ಸೋ ಸ್ಪ್ಲೆಂಡೋರೆ ಮೊಲವೊಂದರಲ್ಲಿ ಇದೇ ಜೀವಿಯನ್ನು ಕಂಡ. ಎರಡು ಖಂಡ, ಎರಡು ಪ್ರಾಣಿ, ಜೀವಿ ಒಂದೇ. ಆದರೆ ಇದಕ್ಕೂ ಮನುಷ್ಯರಿಗೂ ಏನಾದರೂ ಸಂಬಂಧ ಇದೆ ಅಂತ ಆಗ ಯಾರಿಗೂ ಅನ್ನಿಸಲಿಲ್ಲ.

1923ರಲ್ಲಿ ಪ್ರಾಗ್ ನಗರದ ಕಣ್ಣಿನ ವೈದ್ಯ ಯೋಸೆಫ್ ಯಾಂಕೂ, ತಲೆಯಲ್ಲಿ ನೀರು ತುಂಬಿಕೊಂಡು ತೀರಿಹೋದ ಹನ್ನೊಂದು ತಿಂಗಳ ಮಗುವಿನ ಕಣ್ಣುಗಳನ್ನು ಪರೀಕ್ಷಿಸಿದ. ಅಕ್ಷಿಪಟಲದಲ್ಲಿ ಸಣ್ಣ ಸಣ್ಣ ಗೂಡುಗಳಂಥವು, ಒಳಗೆ ಪರಾವಲಂಬಿ ಜೀವಿಗಳು. ಕಂಡದ್ದನ್ನು ಬರೆದಿಟ್ಟ, ಆದರೆ ಅದು ಯಾವ ಜೀವಿ ಅಂತ ಅವತ್ತು ಖಚಿತವಾಗಲಿಲ್ಲ.

ಖಚಿತವಾಗಲು ಮತ್ತೆ ಹದಿನೈದು ವರ್ಷ ಬೇಕಾಯಿತು. 1938ರ ಮೇ 23ರಂದು ನ್ಯೂಯಾರ್ಕ್‌ನ ಮಕ್ಕಳ ಆಸ್ಪತ್ರೆಯೊಂದರಲ್ಲಿ, ದಿನ ತುಂಬಿದ ಹೆಣ್ಣುಮಗುವೊಂದು ಸಿಸೇರಿಯನ್ ಮೂಲಕ ಹುಟ್ಟಿತು. ಮೂರನೇ ದಿನಕ್ಕೇ ಫಿಟ್ಸ್. ಎರಡೂ ಕಣ್ಣುಗಳ ಒಳಗೆ ಗಾಯ. ಒಂದು ತಿಂಗಳಿಗೆ ಮಗು ಹೋಯಿತು. ಏಬ್ನರ್ ವುಲ್ಫ್, ಡೇವಿಡ್ ಕೋವೆನ್ ಮತ್ತು ಬೆರಿಲ್ ಪೇಜ್ ಎಂಬ ಮೂವರು ಆ ಮಗುವಿನ ಮಿದುಳು ಮತ್ತು ಬೆನ್ನುಹುರಿಯ ಅಂಶವನ್ನು ಮೊಲಗಳಿಗೂ ಇಲಿಗಳಿಗೂ ಚುಚ್ಚಿ ನೋಡಿದರು. ಅವುಗಳಲ್ಲಿ ಬೆಳೆದು ಕಾಣಿಸಿದ್ದು ಅದೇ ಬಿಲ್ಲಿನಾಕಾರದ ಟಾಕ್ಸೋಪ್ಲಾಸ್ಮಾ. ಹುಟ್ಟಿದ ಮೂರೇ ದಿನಕ್ಕೆ ಹೀಗಾಗಬೇಕಾದರೆ ಸೋಂಕು ಹೊರಗಿನಿಂದ ಬಂದದ್ದಲ್ಲ, ಗರ್ಭದಲ್ಲೇ ತಾಯಿಯಿಂದ ದಾಟಿ ಬಂದದ್ದು. ಒಂದು ಪರಾವಲಂಬಿ ಜೀವಿ ತಾಯಿಯ ರಕ್ತದಿಂದ ಮಾಸನ್ನು ದಾಟಿ ಮಗುವಿನ ಮಿದುಳು ಸೇರಬಲ್ಲದು ಅಂತ ಈ ಪುಟ್ಟ ಹುಡುಗಿಯಿಂದ ವೈದ್ಯಲೋಕಕ್ಕೆ ಗೊತ್ತಾಯಿತು. ದಾಖಲೆಗಳಲ್ಲಿ ಆಕೆ ಒಂದು 'ಕೇಸ್' ಅಷ್ಟೇ.

ಹಾಗಾದರೆ ಇದು ಎಷ್ಟು ಜನರಲ್ಲಿದೆ? 1948ರಲ್ಲಿ ಆಲ್ಬರ್ಟ್ ಸೇಬಿನ್ ಮತ್ತು ಹ್ಯಾರಿ ಫೆಲ್ಡ್‌ಮನ್ ಒಂದು ರಕ್ತಪರೀಕ್ಷೆ ಕಂಡುಹಿಡಿದರು. ಸೇಬಿನ್ ಅಂದರೆ ಮುಂದೆ ಬಾಯಿಗೆ ಹಾಕೋ ಪೋಲಿಯೋ ಹನಿ ಕೊಟ್ಟವನು. ನಾವು ನೀವೆಲ್ಲ ಪಲ್ಸ್ ಪೋಲಿಯೋ ಭಾನುವಾರಗಳಂದು ಬಾಯಿ ತೆರೆದು ನಿಂತದ್ದು ಅವನು ರೂಪಿಸಿದ ಲಸಿಕೆಗೇ. ಈ ಪರೀಕ್ಷೆ ಬಂದ ಮೇಲೆ ಎಲ್ಲರಿಗೂ ಅಚ್ಚರಿ. ಗಟ್ಟಿಮುಟ್ಟಾಗಿ ಓಡಾಡಿಕೊಂಡಿರೋ ಲಕ್ಷಾಂತರ ಜನರಿಗೆ ಈ ಸೋಂಕು ಯಾವಾಗಲೋ ಬಂದು ಹೋಗಿತ್ತು! ಬಹುಪಾಲು ಜನರಿಗೆ ಅದು ಬಂದದ್ದೇ ಗೊತ್ತಿರಲಿಲ್ಲ.

ಬಂದದ್ದು ಎಲ್ಲಿಂದ? ಮೊದಲ ಅನುಮಾನ ಮಾಂಸದ ಮೇಲೆ. 1965ರಲ್ಲಿ ಜಾರ್ಜ್ ದೆಮೋಂ ಮತ್ತು ಜೊತೆಗಾರರು ಪ್ಯಾರಿಸ್‌ನ ಆರೋಗ್ಯಧಾಮವೊಂದರ ಮಕ್ಕಳ ಲೆಕ್ಕ ತೆಗೆದರು. ವರ್ಷಕ್ಕೆ ನೂರಕ್ಕೆ 10ರಷ್ಟು ಮಕ್ಕಳಿಗೆ ತಗಲುತ್ತಿದ್ದ ಸೋಂಕು, ಊಟಕ್ಕೆ ಅರೆಬೆಂದ ದನದ ಅಥವಾ ಕುದುರೆಯ ಮಾಂಸ ಸೇರಿಸಿದಾಗ 50ಕ್ಕೆ ಏರಿತ್ತು. ಅರೆಬೆಂದ ಕುರಿಮಾಂಸವೂ ಸೇರಿದಾಗ 100ಕ್ಕೆ! ಮಕ್ಕಳು ಪುಷ್ಟಿಯಾಗಲಿ ಅಂತ ಕೊಟ್ಟ ಊಟ ಅದು.

ಆದರೆ ಮಾಂಸ ಪೂರ್ತಿ ಉತ್ತರ ಆಗಿರಲಿಲ್ಲ. ಅದಕ್ಕೆ ತೊಡಕು ಒಡ್ಡಿದ್ದು ನಮ್ಮ ದೇಶ. 1959ರಲ್ಲಿ ಪ್ರಕಟವಾದ ಮುಂಬಯಿಯ ಅಧ್ಯಯನವೊಂದರಲ್ಲಿ, ಮಾಂಸ ಮುಟ್ಟದ ಕಟ್ಟಾ ಸಸ್ಯಾಹಾರಿಗಳಲ್ಲೂ ಮಾಂಸಾಹಾರಿಗಳಷ್ಟೇ ಸೋಂಕು ಕಂಡುಬಂದಿತ್ತು. ಹುಲ್ಲು ಮೇಯೋ ಕುರಿಗೂ ಬರುತ್ತಿತ್ತು. ಅಂದರೆ ಬೇರೆ ಯಾವುದೋ ದಾರಿ ಇದೆ.

ಆ ದಾರಿ ಸಿಕ್ಕಿದ್ದು ಸ್ಕಾಟ್ಲೆಂಡಿನಲ್ಲಿ. 1965ರಲ್ಲಿ ವಿಲಿಯಂ ಹಚಿಸನ್, ಸೋಂಕಿದ್ದ ಬೆಕ್ಕಿನ ಮಲದಿಂದ ತೆಗೆದದ್ದನ್ನು ಒಂದು ವರ್ಷ ನೀರಿನಲ್ಲಿಟ್ಟು ಆಮೇಲೆ ಇಲಿಗಳಿಗೆ ಕೊಟ್ಟ. ಆಗಲೂ ಅವಕ್ಕೆ ಕಾಯಿಲೆ ಬಂತು. 1970ರ ಹೊತ್ತಿಗೆ ಹಚಿಸನ್ನನ ತಂಡವೂ, ಅಮೆರಿಕದಲ್ಲಿ ಜೇಕಬ್ ಫ್ರೆಂಕೆಲ್ ಮತ್ತು ಭಾರತದಲ್ಲಿ ಹುಟ್ಟಿದ ಪಶುವೈದ್ಯ ವಿಜ್ಞಾನಿ ಜೆ.ಪಿ. ದುಬೆ ಮುಂತಾದವರೂ ಪೂರ್ತಿ ಚಕ್ರವನ್ನು ಬಿಡಿಸಿಟ್ಟರು. ಈ ಜೀವಿ ಗಂಡು-ಹೆಣ್ಣು ಕೂಡಿ ಮೊಟ್ಟೆಯಂಥ ಕಣವಾಗೋದು ಬೆಕ್ಕಿನ ಜಾತಿಯ ಪ್ರಾಣಿಗಳ ಕರುಳಿನಲ್ಲಿ ಮಾತ್ರ. ಅಲ್ಲಿಂದ ಮಣ್ಣಿಗೆ, ನೀರಿಗೆ, ಸೊಪ್ಪು ತರಕಾರಿಗೆ, ಮೇಯೋ ಪ್ರಾಣಿಗೆ.

ಜನ ಕಥೆಯನ್ನು ಓದೋದು ನಿಲ್ಲಿಸಿದ್ದು ಇಲ್ಲೇ. 'ಬೆಕ್ಕಿನಿಂದ ಬರುತ್ತೆ' ಅನ್ನೋದಷ್ಟೇ ಊರೂರು ತಿರುಗಿತು. ಮುಂದಿನ ಪುಟಗಳಲ್ಲಿ ಏನಿದೆ ನೋಡಿ. ಬೆಕ್ಕು ಸಾಮಾನ್ಯವಾಗಿ ಮೊದಲ ಸಲ ಸೋಂಕು ತಗಲಿದಾಗ ಮಾತ್ರ, ಒಂದೆರಡು ವಾರ ಈ ಕಣಗಳನ್ನು ಹೊರಹಾಕುತ್ತೆ. ಹೊರಬಿದ್ದ ಕಣ ಸೋಂಕು ಹರಡೋ ಹಂತಕ್ಕೆ ಬರಲು ಒಂದರಿಂದ ಐದು ದಿನ ಬೇಕು. ಅಂದರೆ ಲಿಟರ್ ಬಾಕ್ಸನ್ನು ದಿನಾ ಸ್ವಚ್ಛ ಮಾಡಿದರೆ ಹೆಚ್ಚಿನ ಅಪಾಯ ಅಲ್ಲೇ ತಪ್ಪುತ್ತೆ. ಯುರೋಪಿನ ಆರು ನಗರಗಳ ಗರ್ಭಿಣಿಯರ ಮೇಲೆ ನಡೆದು 2000ದಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ನೂರಕ್ಕೆ 30ರಿಂದ 63ರಷ್ಟು ಸೋಂಕಿಗೆ ಕಾರಣ ಸರಿಯಾಗಿ ಬೇಯದ ಮಾಂಸ. 6ರಿಂದ 17ರಷ್ಟಕ್ಕೆ ಮಣ್ಣು. ಮನೆಯಲ್ಲಿ ಬೆಕ್ಕಿರೋದು ಅಪಾಯದ ಪಟ್ಟಿಯಲ್ಲೇ ಬರಲಿಲ್ಲ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದರು ಅಂತಾರಲ್ಲ, ಹಾಗಾಯಿತು ಮಿಂಚುವಿನ ಕಥೆ.

ಇನ್ನು ರಿಪೋರ್ಟಿನ ಆ ಎರಡು ಸಾಲು. 1974ರಲ್ಲಿ ದೆಮೋಂ ಮತ್ತು ಜಾಕ್ ಕುವ್ರೂರ್ 378 ಬಸಿರುಗಳನ್ನು ಹಿಂಬಾಲಿಸಿ ನೋಡಿದ ವರದಿ ಪ್ರಕಟಿಸಿದರು. ಬಸಿರಿನ ಶುರುವಿನಲ್ಲಿ ತಾಯಿಗೆ ಸೋಂಕಾದರೆ ಮಗುವಿಗೆ ದಾಟೋದು ಕಡಿಮೆ, ಆದರೆ ದಾಟಿದರೆ ಪೆಟ್ಟು ದೊಡ್ಡದು. ಕೊನೆಯ ತಿಂಗಳುಗಳಲ್ಲಿ ದಾಟೋದು ಹೆಚ್ಚು, ಪೆಟ್ಟು ಸಾಮಾನ್ಯವಾಗಿ ಸಣ್ಣದು. ಎಲ್ಲಕ್ಕಿಂತ ಮುಖ್ಯ ವಿಷಯ ಇದು: ಮಗುವಿಗೆ ಅಪಾಯ ಇರೋದು ತಾಯಿಗೆ ಬಸಿರಿನಲ್ಲೇ ಮೊದಲ ಸಲ ಸೋಂಕು ತಗಲಿದಾಗ. ಹಿಂದೆ ಯಾವತ್ತೋ ಬಂದು ಹೋಗಿದ್ದರೆ, ಅವಳ ರೋಗನಿರೋಧಕ ಶಕ್ತಿ ಚೆನ್ನಾಗಿದ್ದರೆ, ಅದೇ ಮಗುವಿಗೆ ರಕ್ಷೆ. ಐಜಿಜಿ ಅಂದರೆ ಹಳೆಯ ಸೋಂಕಿನ ನೆನಪು. ಐಜಿಎಂ ಇತ್ತೀಚಿನದ್ದರ ಸುಳಿವು. ಅದೂ ಕೆಲವೊಮ್ಮೆ ತಿಂಗಳುಗಟ್ಟಲೆ ಉಳಿದು ದಾರಿ ತಪ್ಪಿಸುತ್ತೆ, ಹಾಗಾಗಿ ಅದೊಂದನ್ನೇ ನಂಬಿ ತೀರ್ಮಾನಕ್ಕೆ ಬರುವ ಹಾಗಿಲ್ಲ.

ಫ್ರಾನ್ಸ್ ಈ ಪಾಠವನ್ನು ಕಾನೂನು ಮಾಡಿತು. 1978ರಲ್ಲಿ ಪರೀಕ್ಷೆ ಕಡ್ಡಾಯವಾಯಿತು. 1992ರಿಂದ, ಹಿಂದೆ ಸೋಂಕು ಬಂದಿರದ ಬಸುರಿಯರಿಗೆ ಪ್ರತಿ ತಿಂಗಳೂ ಪರೀಕ್ಷೆ. ಗಮನಿಸಿ, ಅಲ್ಲಿ ವೈದ್ಯರು ಕಣ್ಣಿಡೋದು ನೆಗೆಟಿವ್ ಬಂದವರ ಮೇಲೆ. ನಮ್ಮಲ್ಲಿ ಗಾಬರಿಯಾಗೋರು ಪಾಸಿಟಿವ್ ಬಂದವರು! 1971ರಲ್ಲಿ ಆಂಡ್ರೆ ನಹ್ಮಿಯಾಸ್ ಮತ್ತು ಸಂಗಡಿಗರು ಟಾಕ್ಸೋಪ್ಲಾಸ್ಮಾ, ರುಬೆಲ್ಲಾ ಮುಂತಾದ ಕೆಲವು ಸೋಂಕುಗಳ ಮೊದಲಕ್ಷರ ಜೋಡಿಸಿ ಕಟ್ಟಿದ 'ಟಾರ್ಚ್' ಎಂಬ ಹೆಸರು ಇವತ್ತು ಲ್ಯಾಬ್ ಪ್ಯಾಕೇಜ್ ಆಗಿದೆ. ಎರಡು ಮೂರು ಸಲ ಗರ್ಭ ನಿಲ್ಲದೆ ನೊಂದ ಹೆಣ್ಣುಮಕ್ಕಳಿಗೆ ಇದನ್ನು ಮಾಡಿಸಿ, ಹಳೆಯ ಐಜಿಜಿ ತೋರಿಸಿ, "ಇದೇ ಕಾರಣ" ಅನ್ನೋದನ್ನು ನಾನೇ ಕೇಳಿದ್ದೇನೆ. ಮೊದಲ ಸೋಂಕಿನಲ್ಲಷ್ಟೇ ದಾಟೋ ಜೀವಿ ಪ್ರತಿ ಬಸಿರನ್ನೂ ಕೆಡಿಸೋದು ಹೇಗೆ? ಆ ಮಾತು ಕೇಳಿ ಮನೆಗೆ ಹೋದ ಹೆಂಗಸು ತನ್ನ ಮೈಯೇ ತಪ್ಪು ಅಂದುಕೊಂಡು ಎಷ್ಟು ರಾತ್ರಿ ಅತ್ತಿರಬೇಕು!

ಮರುದಿನ ಗೆಳತಿ ಬೇರೆ ವೈದ್ಯರನ್ನು ಕಂಡಳು. ಅವರು ರಿಪೋರ್ಟ್ ನೋಡಿ, "ನಿಮಗಿದು ಯಾವಾಗಲೋ ಬಂದು ಹೋಗಿದೆಯಮ್ಮ, ಭಯ ಬೇಡ" ಅಂದರಂತೆ. ಸೊಪ್ಪು, ಕ್ಯಾರೆಟ್ ಚೆನ್ನಾಗಿ ತೊಳೆಯಿರಿ, ಮಾಂಸ ಪೂರ್ತಿ ಬೇಯಿಸಿ, ಗಿಡದ ಮಣ್ಣು ಮುಟ್ಟಿದರೆ ಕೈ ತೊಳೆಯಿರಿ ಅನ್ನೋದು ಹೇಗೂ ಎಲ್ಲ ಬಸುರಿಯರಿಗೂ ಹೇಳೋ ಮಾತು. ಲಿಟರ್ ಬಾಕ್ಸ್ ಕೆಲಸ ಗಂಡನ ಪಾಲಿಗೆ ಬಂತು.

ಮಗಳಿಗೆ ಈಗ ಐದು ತಿಂಗಳು. ಮಿಂಚು ತೊಟ್ಟಿಲ ಕೆಳಗೆ ಮಲಗುತ್ತೆ. ಅತ್ತೆ ಇನ್ನೂ ಅದನ್ನು ಓರೆಗಣ್ಣಿನಿಂದಲೇ ನೋಡ್ತಾರಂತೆ, ಆದರೆ ಹಾಲು ಹಾಕೋರೂ ಅವರೇ.